ಕೊಟ್ಟವನ ಹೊಣೆ ಎಲ್ಲಿಯವರೆಗೆ?

ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಡಾಕ್ಟ್ರೇ, ಒಳ್ಳೆಯ ಮನಸ್ಸಿನಿಂದ ಕೊಟ್ಟ ವಸ್ತುವಿನಿಂದ ತೆಗೆದುಕೊಂಡವನಿಗೆ ತೊಂದರೆಯಾದರೆ ಪಾಪ ಯಾರ ತಲೆಗೆ?" ಅವರ ಮನಸ್ಸಿನಲ್ಲಿದ್ದದ್ದು ಮೊಮ್ಮಗನಿಗೆ ಕೊಟ್ಟ ಹಳೆಯ ಕಾರು. ಸಾಲು ಸರಿದು ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಬಂದುದರಿಂದ ಮಾತು ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತೀರ್ಮಾನವಾಗದೆ ಉಳಿದಿರುವ ಒಂದು ಜಗಳವನ್ನು ನೆನಪಿಗೆ ತಂದಿತು. ಅದು ಕಾರಿನದಲ್ಲ, ಕಂಪ್ಯೂಟರಿನದು. ವೈದ್ಯರಾದ ನಮಗೆ ಆ ವಿದ್ಯೆ ಅಷ್ಟಕ್ಕಷ್ಟೆ. ನಮ್ಮ ಕೂಟದಲ್ಲಿ ಅದರಲ್ಲೇ ಬದುಕು ಕಟ್ಟಿಕೊಂಡವರು ಎಷ್ಟೋ ಮಂದಿ ಇದ್ದಾರೆ. ತಪ್ಪು ಕಂಡರೆ ಅವರು ತಿದ್ದಬೇಕು, ಉಳಿದವರು ಒಂದೆರಡು ಪುಟ ತಾಳ್ಮೆಯಿಂದ ಓದಬೇಕು.

ಸಂಗತಿ ನಡೆದದ್ದು 2001ರಲ್ಲಿ, ಗ್ಲೆಂಡೇಲ್ ಹೈಟ್ಸಿನಲ್ಲಿ. ನಾವು ಆಗ ಆರ್ಮಿ ಟ್ರೇಲ್ ರಸ್ತೆಯ ಸಮೀಪ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ರೆಸಿಡೆನ್ಸಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಎರಡನೆಯ ಕೋಣೆಯಲ್ಲಿ ನಮ್ಮ ಭಾವಮೈದ, ಅಂದರೆ ನಮ್ಮ ಮನೆಯವರ ತಮ್ಮ, ಇದ್ದ. ವೈ-ಟು-ಕೆ ಗದ್ದಲದ 1999ರಲ್ಲಿ ಎಚ್-1 ವೀಸಾದ ಮೇಲೆ ಬಂದವನು. ಹತ್ತಿರದ ಊರಿನ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. "ಬರೀರಿ ಭಾವ, ಆದರೆ ನನ್ನನ್ನು ಧರ್ಮರಾಯ ಮಾಡಬೇಡಿ" ಎಂದಿದ್ದಾನೆ.)

ಡೇಟಾಬೇಸ್ ನೋಡಿಕೊಳ್ಳುವುದೆಂದರೆ ಕಣಜ ಕಾಯುವ ಕೆಲಸ. ಒಳಗೆ ಎಷ್ಟು ಜಾಗ ಉಳಿದಿದೆ, ಇಲಿ ಬಿದ್ದಿದೆಯೇ, ದಿನದ ದಿನ ಒಂದು ಪ್ರತಿ ತೆಗೆದು ಬೇರೆ ಕಡೆ ಇಟ್ಟಿದ್ದೇವೆಯೇ, ಇವನ್ನು ದಿನಾ ರಾತ್ರಿ ನೋಡಬೇಕು. ಅದಕ್ಕೆ ಬೇಕಾದ ಆಜ್ಞೆಗಳನ್ನು ದಿನಾ ಟೈಪ್ ಮಾಡುವ ಬದಲು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಆಸ್ಪತ್ರೆಯಲ್ಲಿ ನಾವು ಬರೆದಿಡುವ ಸ್ಟ್ಯಾಂಡಿಂಗ್ ಆರ್ಡರ್ ಇದ್ದ ಹಾಗೆ: ರೋಗಿಗೆ ಜ್ವರ ಇಷ್ಟು ದಾಟಿದರೆ ಇಂಥ ಮಾತ್ರೆ ಕೊಡಿ, ಡಾಕ್ಟರನ್ನು ಎಬ್ಬಿಸಬೇಡಿ.

ಆ ಕಂಪನಿಯಲ್ಲಿ ಕಣಜ ಇದ್ದದ್ದು ದೊಡ್ಡ ಯೂನಿಕ್ಸ್ ಯಂತ್ರದಲ್ಲಿ. ಕೆಲಸದವರ ಮೇಜಿನ ಮೇಲಿದ್ದವು ವಿಂಡೋಸ್ ಕಂಪ್ಯೂಟರುಗಳು. ಒಬ್ಬೊಬ್ಬರ ಹತ್ತಿರ ಒಂದೊಂದು ಸ್ಕ್ರಿಪ್ಟು. ಒಬ್ಬ ತಿದ್ದಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ನಮ್ಮ ಹುಡುಗ ಇದನ್ನು ಸರಿಪಡಿಸಲು ಹೊರಟ. ತಾನು ಊರಿನಿಂದಲೇ ಬರೆದುಕೊಂಡು ಬಂದಿದ್ದ, ಇಲ್ಲಿ ಬಂದು ಬೆಳೆಸಿದ್ದ ಮೂವತ್ತು ಚಿಲ್ಲರೆ ಸ್ಕ್ರಿಪ್ಟುಗಳನ್ನು ಯೂನಿಕ್ಸ್ ಯಂತ್ರದ ಒಂದೇ ಕಡೆ ಇಟ್ಟ. ಸಾಂಬಾ ಎಂಬ ತಂತ್ರಾಂಶದ ಮೂಲಕ ಆ ಜಾಗ ಎಲ್ಲರ ವಿಂಡೋಸ್ ಪರದೆಯ ಮೇಲೂ ಒಂದು ಡ್ರೈವಾಗಿ ಕಾಣುವಂತೆ ಮಾಡಿದ. ಸಾಂಬಾ ಎಂದರೆ ನಮ್ಮ ಸಾಂಬನಲ್ಲ, ನೃತ್ಯವೂ ಅಲ್ಲ. ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬಾತ ಯಂತ್ರಗಳು ತಮ್ಮೊಳಗೆ ಆಡುವ ಮಾತನ್ನು ಗಮನಿಸಿ ಗಮನಿಸಿ 1991ರ ಕೊನೆಯಲ್ಲಿ ಬರೆಯಲಾರಂಭಿಸಿ, ಲೋಕಕ್ಕೆ ಪುಕ್ಕಟೆಯಾಗಿ ಕೊಟ್ಟ ಕೆಲಸ ಅದು. ಪ್ರತಿ ಸ್ಕ್ರಿಪ್ಟಿನ ತಲೆಯ ಮೇಲೆ ನಮ್ಮ ಭಾವಮೈದ ತನ್ನ ಹೆಸರು, ಬರೆದ ದಿನ, ಇದು ಏನು ಮಾಡುತ್ತದೆ ಎಂಬ ಒಂದು ಸಾಲು ಬರೆದ. ಕಂಪನಿ ಇದನ್ನು ಮಾಡು ಎಂದು ಹೇಳಿರಲಿಲ್ಲ, ಇದಕ್ಕಾಗಿ ಒಂದು ಕಾಸೂ ಕೊಡಲಿಲ್ಲ. ಮನೆಗೆ ಬಂದು, "ಭಾವ, ಇನ್ನು ಮೇಲೆ ಒಬ್ಬರು ತಿದ್ದಿದರೆ ಎಲ್ಲರಿಗೂ ತಿದ್ದಿದ ಹಾಗೆ" ಎಂದು ಹಿಗ್ಗಿ ಹೇಳಿದ್ದ. ಒಬ್ಬರು ಕೆಡಿಸಿದರೆ ಎಲ್ಲರಿಗೂ ಕೆಟ್ಟ ಹಾಗೆ ಎಂಬುದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಲೈಲ್ ಊರಿನ ಮಾರ್ಟನ್ ಆರ್ಬೊರೇಟಮ್‌ಗೆ ನಾವೆಲ್ಲ ಅಕ್ಟೋಬರಿನಲ್ಲಿ ಎಲೆಯ ಬಣ್ಣ ನೋಡಲು ಹೋಗುತ್ತೇವಲ್ಲ, 1922ರಲ್ಲಿ ಅದನ್ನು ಕಟ್ಟಿದ ಜಾಯ್ ಮಾರ್ಟನ್ ಉಪ್ಪಿನ ವ್ಯಾಪಾರಿ. ಅಂಗಡಿಯಲ್ಲಿ ಕೊಡೆ ಹಿಡಿದ ಹುಡುಗಿಯ ಚಿತ್ರವಿರುವ ಉಪ್ಪಿನ ಡಬ್ಬ ಅವರ ಮನೆತನದ ಹೆಸರಿನದೇ. ಆ ಪುಣ್ಯಾತ್ಮ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಚಾರ್ಲ್ಸ್ ಕ್ರಮ್ ಎಂಬ ಎಂಜಿನಿಯರನ ತಂತಿ ಟೈಪ್‌ರೈಟರಿಗೆ ಹಣ ಹಾಕಿದ. ಇಬ್ಬರ ಹೆಸರೂ ಕೂಡಿ ಮಾರ್‌ಕ್ರಮ್ ಕಂಪನಿಯಾಯಿತು. ಅದೇ ಮುಂದೆ 1928ರಲ್ಲಿ ಟೆಲಿಟೈಪ್ ಕಾರ್ಪೊರೇಷನ್ ಎಂಬ ಹೆಸರು ಪಡೆಯಿತು. ಅವರ ಕಾರ್ಖಾನೆ ನಮ್ಮ ಸ್ಕೋಕಿಯಲ್ಲೇ ಇತ್ತು. ಅವರು 1963ರಲ್ಲಿ ಹೊರತಂದ ಮಾಡೆಲ್ 33 ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು. ಒಂದು ಸಾಲು ಮುಗಿದರೆ ಅದಕ್ಕೆ ಎರಡು ಕೆಲಸ ಹೇಳಬೇಕು: ಅಚ್ಚಿನ ಭಾಗ ಎಡಕ್ಕೆ ಹಿಂತಿರುಗಲಿ ಎಂಬುದು ಒಂದು, ಕಾಗದ ಒಂದು ಸಾಲು ಮೇಲೇರಲಿ ಎಂಬುದು ಇನ್ನೊಂದು. ಹಳೆಯ ಟೈಪ್‌ರೈಟರಿನಲ್ಲಿ ಕೈಯಿಂದ ಎಳೆದವರಿಗೆ ಇದು ಚೆನ್ನಾಗಿ ಗೊತ್ತು. ಈ ಎರಡು ಆಜ್ಞೆಗಳಿಗೆ ಎರಡು ಸಂಕೇತಗಳು, 13 ಮತ್ತು 10. ಕಾಗದದ ಮೇಲೆ ಇವೆರಡೂ ಕಾಣುವುದಿಲ್ಲ.

ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯೂನಿಕ್ಸ್ ಹುಟ್ಟಿದಾಗ, ಫೈಲಿನಲ್ಲಿ ಸಾಲಿನ ಕೊನೆ ಗುರುತಿಸಲು 10 ಒಂದೇ ಸಾಕು, ಯಂತ್ರಕ್ಕೆ ಕಳಿಸುವಾಗ ಇನ್ನೊಂದನ್ನು ಸೇರಿಸಿಕೊಂಡರಾಯಿತು ಎಂಬ ದಾರಿ ಹಿಡಿದರು. ಡಾಸ್, ಅದರಿಂದ ಬಂದ ವಿಂಡೋಸ್, ಎರಡನ್ನೂ ಉಳಿಸಿಕೊಂಡವು. ಎರಡೂ ಸರಿಯೇ. ಒಬ್ಬರ ಮನೆಯಲ್ಲಿ ಚಪ್ಪಲಿ ಬಾಗಿಲ ಹೊರಗೆ ಬಿಡುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಒಳಗಿನ ಗೂಡಿನಲ್ಲಿ ಇಡುತ್ತಾರೆ. ಜಗಳ ಬರುವುದು ನೆಂಟರು ಬಂದಾಗ.

ಇನ್ನು ಅಪಘಾತದ ವಿಷಯ. ರಾತ್ರಿಯ ಪ್ರತಿ ತೆಗೆಯುವ ಸ್ಕ್ರಿಪ್ಟು ಬರೀ ಐದಾರು ಸಾಲಿನದು. ಕೊನೆಯ ಸಾಲು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಂಥ ಹೆಸರಿನಲ್ಲಿ ಇಡು ಎನ್ನುತ್ತದೆ. ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬ, ಅವನೂ ನಮ್ಮ ದೇಶದವನೇ, ಯಾವುದೋ ಒಂದು ಸಣ್ಣ ಮಾತು ಬದಲಿಸಲು ಅದನ್ನು ತನ್ನ ವಿಂಡೋಸ್ ಯಂತ್ರದಿಂದ ತೆರೆದ. ನೋಟ್‌ಪ್ಯಾಡಿನಲ್ಲಿ ತೆರೆದರೆ ಎಲ್ಲ ಸಾಲೂ ಒಂದೇ ಉದ್ದ ಸಾಲಾಗಿ ಕಂಡಿತು. (ನೋಟ್‌ಪ್ಯಾಡಿಗೆ ಯೂನಿಕ್ಸಿನ ಸಾಲು ಗುರುತಿಸಲು ಬಂದದ್ದು 2018ರಲ್ಲಿ!) ವರ್ಡ್‌ಪ್ಯಾಡಿನಲ್ಲಿ ತೆರೆದ, ಅಚ್ಚುಕಟ್ಟಾಗಿ ಕಂಡಿತು. ಬದಲಿಸಿ ಉಳಿಸಿದ. ಉಳಿಸುವಾಗ ವರ್ಡ್‌ಪ್ಯಾಡು ತನ್ನ ಮನೆಯ ಪದ್ಧತಿಯಂತೆ ಪ್ರತಿ ಸಾಲಿನ ಕೊನೆಗೂ ಸದ್ದಿಲ್ಲದೆ ಆ 13ನ್ನು ಸೇರಿಸಿತು. ಅಂದು ರಾತ್ರಿ ಯೂನಿಕ್ಸ್ ಯಂತ್ರ ಆ ಕಾಣದ ಅಕ್ಷರವನ್ನು ಫೈಲಿನ ಹೆಸರಿನ ಭಾಗವೆಂದೇ ತಿಳಿದು, ಹೊಸ ಹೆಸರಿನ ಹೊಸ ಫೈಲಿನಲ್ಲಿ ಪ್ರತಿ ಇಟ್ಟಿತು. ದಿನಾ ರಾತ್ರಿ ಹಾಗೆಯೇ ಇಟ್ಟಿತು. ಕೆಲಸ ಆಯಿತು ಎಂದು ದಿನಾ ವರದಿಯೂ ಬಂತು, ಏಕೆಂದರೆ ಕೆಲಸ ಆಗಿತ್ತು.

ಮೂರು ವಾರದ ಮೇಲೆ ಡಿಸ್ಕು ಕೆಟ್ಟಿತು. ಪ್ರತಿಯಿಂದ ಮತ್ತೆ ತುಂಬಿಸಿಕೊಂಡರು. ಹಳೆಯ ಹೆಸರಿನ ಫೈಲು ಇತ್ತು, ತುಂಬಿತು, ಅಂಗಡಿ ತೆರೆಯಿತು. ಅರ್ಧ ದಿನ ವ್ಯವಹಾರ ನಡೆದು ಹೊಸ ಲೆಕ್ಕಗಳು ಮೇಲೆ ಬಿದ್ದ ನಂತರ, ಮೂರು ವಾರದ ಆರ್ಡರುಗಳು ಕಾಣುತ್ತಿಲ್ಲ ಎಂದು ಯಾರೋ ಫೋನು ಮಾಡಿದರು. ನಮ್ಮ ಹುಡುಗ ಪಟ್ಟಿ ತೆಗೆದು ನೋಡಿದರೆ ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೈಲು! ಯೂನಿಕ್ಸಿನಲ್ಲಿ ಅದು ಆಗದ ಮಾತು. ಒಂದು ಕ್ಷಣ ತಲೆ ಕೆಟ್ಟಿತೇನೋ ಅನ್ನಿಸಿತಂತೆ. ಆಮೇಲೆ ಅರ್ಥವಾಯಿತು. ಡೇಟಾ ಕಳೆದುಹೋಗಿರಲಿಲ್ಲ, ಆದರೆ ಎರಡು ಲೆಕ್ಕವನ್ನೂ ಹೊಂದಿಸಲು ಅವರಿಗೆ ನಾಲ್ಕು ದಿನ ನಾಲ್ಕು ರಾತ್ರಿ ಹಿಡಿಯಿತು.

ಐದನೆಯ ದಿನ ಮ್ಯಾನೇಜರು ಕೇಳಿದ: "ಇದು ಯಾರ ಸ್ಕ್ರಿಪ್ಟು?" ತಲೆಯ ಮೇಲೆ ಹೆಸರಿತ್ತು. "ನನ್ನದು." "ಈ ಅಕ್ಷರ ಹಾಕಿದವರು ಯಾರು?" ಆ ಡ್ರೈವಿಗೆ ಎಲ್ಲರೂ ಒಂದೇ ಹೆಸರಿನಲ್ಲಿ ಹೋಗುತ್ತಿದ್ದುದರಿಂದ ಯಂತ್ರ ಹೇಳುವಂತಿರಲಿಲ್ಲ. ನಮ್ಮ ಭಾವಮೈದನಿಗೆ ಗೊತ್ತಿತ್ತು; ಬದಲಾಗಿದ್ದ ಆ ಮಾತು ಯಾರದೆಂದು ನೋಡಿದರೆ ತಿಳಿಯುವಂತಿತ್ತು. "ಗೊತ್ತಿಲ್ಲ" ಎಂದ. ಆ ಸಹೋದ್ಯೋಗಿಯ ಹೆಂಡತಿಗೆ ಏಳು ತಿಂಗಳು. 2001ರ ಪರಿಸ್ಥಿತಿ ಹಳಬರಿಗೆ ನೆನಪಿದೆ. ಕೆಲಸ ಹೋದ ಎಚ್-1ನವರಿಗೆ ಈಗಿರುವ ಅರವತ್ತು ದಿನದ ಅವಕಾಶವೂ ಆಗ ಇರಲಿಲ್ಲ, ಆ ನಿಯಮ ಬಂದದ್ದು 2017ರಲ್ಲಿ. ತಿಂಗಳ ಕೊನೆಗೆ ನಮ್ಮ ಹುಡುಗನ ಕಾಂಟ್ರ್ಯಾಕ್ಟು ಮುಂದುವರಿಯಲಿಲ್ಲ. ಪುಣ್ಯಕ್ಕೆ ಡೆಟ್ರಾಯಿಟ್ ಕಡೆ ಕೆಲಸ ಸಿಕ್ಕಿ, ಬಾಡಿಗೆ ವ್ಯಾನಿನಲ್ಲಿ ಸಾಮಾನು ಹಾಕಿಕೊಂಡು ಐ-94 ಹಿಡಿದು ಹೊರಟುಹೋದ.

ಇದರಲ್ಲಿ ತಪ್ಪು ಯಾರದು? ಬರೆದವನ ಸ್ಕ್ರಿಪ್ಟು ಅವನ ಯಂತ್ರದಲ್ಲಿ ಎರಡು ವರ್ಷ ಕೂದಲೆಳೆಯಷ್ಟೂ ತಪ್ಪದೆ ನಡೆದಿತ್ತು. ತಿದ್ದಿದವನು ತನ್ನ ಯಂತ್ರದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ. ವರ್ಡ್‌ಪ್ಯಾಡು ತನ್ನ ಧರ್ಮ ಪಾಲಿಸಿತು, ಯೂನಿಕ್ಸೂ ಪಾಲಿಸಿತು. ಹಾಗೆಂದು ಯಾರ ತಪ್ಪೂ ಅಲ್ಲ ಎಂದು ಕೈತೊಳೆದುಕೊಳ್ಳುವುದು ನಮಗೆ ಸರಿಕಾಣುವುದಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿದ್ದಾರೆ, ಕೆಲಸ ಕಳೆದುಕೊಂಡವನಿದ್ದಾನೆ. ಅದೇ ಕಣಜದಲ್ಲಿ ಆರ್ಡರಿನ ಬದಲು ರೋಗಿಗಳ ರಕ್ತದ ಗುಂಪು ಇದ್ದಿದ್ದರೆ?

ನಮ್ಮ ಹಿರಿಯರು ದಾನದ ವಿಷಯದಲ್ಲಿ ಪಾತ್ರಾಪಾತ್ರ ವಿವೇಕ ಎಂದು ಒಂದು ಮಾತು ಇಟ್ಟಿದ್ದಾರೆ. ತೆಗೆದುಕೊಳ್ಳುವವನು ಯೋಗ್ಯನೇ ಎಂದು ನೋಡಿ ಕೊಡು ಎಂದರ್ಥ. ಇಲ್ಲಿ ಆ ವಿವೇಕ ಉಪಯೋಗಕ್ಕೆ ಬರುವುದಿಲ್ಲ. ತೆಗೆದುಕೊಂಡವನು ಯೋಗ್ಯನೇ. ವಿದ್ಯೆ ಕೊಟ್ಟಷ್ಟೂ ಬೆಳೆಯುತ್ತದೆ ಎಂಬ ಇನ್ನೊಂದು ಮಾತೂ ನಮಗೆಲ್ಲ ಬಾಯಿಪಾಠ. ಆದರೆ ಸ್ಕ್ರಿಪ್ಟು ವಿದ್ಯೆಯೇ? ಅದು ವಿದ್ಯೆಯ ಫಲ. ಮರ ಬೆಳೆಸುವುದನ್ನು ಕಲಿಸದೆ ಹಣ್ಣನ್ನು ಕೈಗಿಟ್ಟಂತೆ. ನಮ್ಮ ಹುಡುಗನಿಗೆ ಆ ಐದು ಸಾಲಿನ ಹಿಂದೆ ಏನೇನಿದೆ ಎಂದು ಗೊತ್ತಿತ್ತು. ಕೊಟ್ಟದ್ದು ಐದು ಸಾಲನ್ನು ಮಾತ್ರ. ಉಳಿದದ್ದು ಅವನ ತಲೆಯಲ್ಲೇ ಉಳಿಯಿತು. ಕೊಡುವ ಬುದ್ಧಿ ಇಲ್ಲದೆ ಅಲ್ಲ, ಅದು ಅಲ್ಲಿದೆ ಎಂದು ಅವನಿಗೇ ತಿಳಿಯದೆ. ಮೀನಿಗೆ ನೀರು ಕಂಡೀತೇ?

ಇದು ಕಂಪ್ಯೂಟರಿನವರ ಪಾಡು ಮಾತ್ರ ಎಂದು ತಾವು ತಿಳಿಯಬಾರದು. ಕನ್ನಡದಲ್ಲಿ ಟೈಪ್ ಮಾಡಲು 1998ರಲ್ಲಿ 'ಬರಹ' ಬಂದು ನಮಗೆಲ್ಲ ಎಷ್ಟು ಸಂತೋಷವಾಯಿತು! ಶೇಷಾದ್ರಿವಾಸು ಚಂದ್ರಶೇಖರನ್ ಅವರೂ ಅದನ್ನು ಪುಕ್ಕಟೆಯಾಗಿಯೇ ಕೊಟ್ಟರು. ಆದರೆ 'ಬರಹ'ದಲ್ಲಿ ಟೈಪ್ ಮಾಡಿ ಕಳಿಸಿದ ಕವನವನ್ನು ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಚಿತ್ರವಿಚಿತ್ರ ಗೀಟುಗಳು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದ ಕಾಲ ಅದು. 'ನುಡಿ'ಯವರು ಒಂದು ಬಗೆ ಕೂರಿಸಿದ್ದರು, 'ಶ್ರೀಲಿಪಿ'ಯವರು ಇನ್ನೊಂದು ಬಗೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ನಮ್ಮ ಮನೆಗಳಿಗೆ ಬಂದು ಮುಟ್ಟಲು ಎಷ್ಟೋ ವರ್ಷ ಬೇಕಾಯಿತು. ಆದರೂ ಆ ಗೀಟುಗಳು ಒಳ್ಳೆಯವು ಎಂದು ಈಗ ಅನ್ನಿಸುತ್ತದೆ. ಕೆಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ, ತಕ್ಷಣ ಫೋನು ಮಾಡಿ ಕೇಳುತ್ತೇವೆ. ಕಾಣದ ಹಾಗೆ ಕೆಡುವುದೇ ಅಪಾಯ.

ಈ ಮಾತು ನಾವು ಸ್ವಂತ ಅನುಭವದಿಂದ ಹೇಳುತ್ತಿರುವುದು. 1997ರಲ್ಲಿ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿದ್ದಾಗಿನ ಮಾತು. ಊರಿನಲ್ಲಿ ಎಂ.ಬಿ.ಬಿ.ಎಸ್. ಓದಿದ ಎಲ್ಲರಂತೆ ನಾವೂ ದಿನಕ್ಕೊಮ್ಮೆ ಎನ್ನುವುದಕ್ಕೆ 'ಓ.ಡಿ.' ಎಂದು ಬರೆಯುತ್ತಿದ್ದೆವು. ಅಮೆರಿಕದಲ್ಲಿ ಓ.ಡಿ. ಎಂದರೆ ಬಲಗಣ್ಣು, ಲ್ಯಾಟಿನ್ ಭಾಷೆಯಿಂದ ಬಂದದ್ದು. ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಇಲ್ಲಿ ಎಪಿನೆಫ್ರಿನ್ ಎಂದೆಲ್ಲ ಮೊದಲ ವಾರದಲ್ಲೇ ಕಲಿತಿದ್ದೆವು, ಏಕೆಂದರೆ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಓ.ಡಿ. ಮಾತ್ರ ಸಿಕ್ಕಿಬೀಳಲಿಲ್ಲ. ಔಷಧಿ ಕೊಡುವ ಹಿರಿಯ ಫಾರ್ಮಸಿಸ್ಟರು ರಕ್ತದೊತ್ತಡದ ಮಾತ್ರೆಯನ್ನು ಯಾರೂ ಬಲಗಣ್ಣಿಗೆ ಹಾಕಿಕೊಳ್ಳುವುದಿಲ್ಲ ಎಂದು ತಿಳಿದು, ತಾವೇ ಡಬ್ಬಿಯ ಮೇಲೆ ದಿನಕ್ಕೊಮ್ಮೆ ಎಂದು ಬರೆದುಕೊಡುತ್ತಿದ್ದರು. ತಿಂಗಳುಗಟ್ಟಲೆ ಹಾಗೆ ಮಾಡಿದರು. ಹೊಸ ಹುಡುಗ, ಯಾಕೆ ಮುಜುಗರ ಪಡಿಸುವುದು ಎಂದು ಸುಮ್ಮನಿದ್ದರು. ಎಂಥ ಒಳ್ಳೆಯ ಮನುಷ್ಯ!

ಒಂದು ದಿನ ಗ್ಲಾಕೋಮಾ ಇದ್ದ ಅಜ್ಜಿಯೊಬ್ಬರು ಬಂದರು. ಕಣ್ಣಿನ ವೈದ್ಯರು ಬರೆದಿದ್ದ ಹನಿಮದ್ದು ಮುಗಿದಿತ್ತು. ಎರಡೂ ಕಣ್ಣಿಗೆ ದಿನಕ್ಕೊಮ್ಮೆ ಹಾಕುವ ಮದ್ದು. ನಾವು ಮದ್ದಿನ ಹೆಸರು ಬರೆದು ಮುಂದೆ ಓ.ಡಿ. ಎಂದು ಬರೆದುಕೊಟ್ಟೆವು. ಫಾರ್ಮಸಿಸ್ಟರು ಓದಿಕೊಂಡದ್ದು ಬಲಗಣ್ಣು ಎಂದು. ಇಲ್ಲಿ ಅದಕ್ಕೆ ಪೂರ್ಣ ಅರ್ಥವಿತ್ತು, ಅನುಮಾನ ಪಡಲು ಕಾರಣವೇ ಇರಲಿಲ್ಲ. ಡಾಕ್ಟರು ಬದಲಾಯಿಸಿರಬೇಕು ಎಂದು ಅಜ್ಜಿಯೂ ನಂಬಿ ಆರು ವಾರ ಎಡಗಣ್ಣಿಗೆ ಮದ್ದೇ ಹಾಕಲಿಲ್ಲ. ಮುಂದಿನ ಸಲ ನೋಡಿದಾಗ ಆ ಕಣ್ಣಿನ ಒತ್ತಡ ಏರಿತ್ತು. ದೇವರ ದಯೆ, ದೃಷ್ಟಿಗೆ ಏನೂ ಆಗಲಿಲ್ಲ. ಆ ರಾತ್ರಿ ನಾವು ಊಟ ಮಾಡಲಿಲ್ಲ.

ಅಲ್ಲಿ ತಪ್ಪು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವರ್ಷ ಕಳೆದ ಮೇಲೂ ನಮ್ಮನ್ನು ಕಾಡುವುದು ಆ ಫಾರ್ಮಸಿಸ್ಟರ ಒಳ್ಳೆಯತನ. ಮೊದಲನೆಯ ದಿನವೇ ಅವರು ಫೋನು ಎತ್ತಿ, "ಡಾಕ್ಟರ್, ಇದೇನಿದು ಬಲಗಣ್ಣಿಗೆ ಮಾತ್ರೆ?" ಎಂದು ನಕ್ಕಿದ್ದರೆ, ಒಂದು ನಿಮಿಷದ ಅವಮಾನದಲ್ಲಿ ಮುಗಿಯುತ್ತಿತ್ತು. ಮುಂದೆ 2004ರಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಬಳಸಲೇಬಾರದ ಸಂಕ್ಷೇಪಗಳ ಪಟ್ಟಿ ಮಾಡಿದಾಗ, ದಿನಕ್ಕೊಮ್ಮೆ ಎನ್ನುವುದಕ್ಕೆ ಇಲ್ಲಿನವರು ಬರೆಯುತ್ತಿದ್ದ 'ಕ್ಯೂ.ಡಿ.'ಯೂ ಅದರಲ್ಲಿ ಸೇರಿತು. ಎಲ್ಲರೂ 'ಡೈಲಿ' ಎಂದು ಪೂರ್ತಿಯಾಗಿ ಬರೆಯಲು ಕಲಿತರು. ನಾವು ಏಳು ವರ್ಷ ಮೊದಲೇ ಕಲಿತಿದ್ದೆವು.

ಈಗ ಮನೆಯ ಜಗಳಕ್ಕೆ ಬರೋಣ. ನಮ್ಮ ಮನೆಯವರ ಪ್ರಕಾರ ಅವರ ತಮ್ಮ ಮಾಡಿದ್ದು ನೂರಕ್ಕೆ ನೂರು ಸರಿ. ಬಸುರಿ ಹೆಂಗಸಿನ ಮನೆಯ ಅನ್ನ ಉಳಿಸಲು ಹೇಳಿದ ಒಂದು 'ಗೊತ್ತಿಲ್ಲ' ಸುಳ್ಳೇ ಅಲ್ಲ ಎನ್ನುತ್ತಾರೆ. ನಮಗೂ ಆ ವಿಷಯದಲ್ಲಿ ತಕರಾರಿಲ್ಲ. ತಪ್ಪನ್ನು ಅರ್ಥ ಮಾಡಿಕೊಳ್ಳಲು ಅಲ್ಲ, ಒಬ್ಬನನ್ನು ಹೊರಗೆ ಹಾಕಲು ಹೆಸರು ಕೇಳುವವನಿಗೆ ಹೆಸರು ಕೊಡಲೇಬೇಕೆಂಬ ಧರ್ಮ ಎಲ್ಲೂ ಇಲ್ಲ. ನಮ್ಮ ತಕರಾರು ಬೇರೆಯದು. ಅವನು ಆ ಸಹೋದ್ಯೋಗಿಗೂ ಹೇಳಲಿಲ್ಲ! ಊರು ಬಿಡುವ ದಿನದವರೆಗೂ, ಬಿಟ್ಟ ಮೇಲೂ, "ನೋಡಪ್ಪ, ನೀನು ವರ್ಡ್‌ಪ್ಯಾಡಿನಲ್ಲಿ ತೆರೆದಾಗ ಹೀಗಾಯಿತು, ಇನ್ನು ಮೇಲೆ ಹಾಗೆ ಮಾಡಬೇಡ" ಎಂಬ ಒಂದು ಮಾತು ಆಡಲಿಲ್ಲ. ಆ ಮನುಷ್ಯನಿಗೆ ತಾನು ಏನು ಮಾಡಿದೆ ಎಂದೇ ತಿಳಿಯಲಿಲ್ಲ. ಉಳಿದ ಸ್ಕ್ರಿಪ್ಟುಗಳು ಅದೇ ಡ್ರೈವಿನಲ್ಲಿ, ಅದೇ ಕೈಗೆ ಎಟುಕುವ ಹಾಗೆ ಬಿದ್ದಿದ್ದವು.

"ಹೇಳಿದ್ದರೆ ಅವನು ಏನು ಮಾಡಬೇಕಿತ್ತು?" ಎಂದು ನಮ್ಮ ಮನೆಯವರು ಕೇಳುತ್ತಾರೆ. "ಒಂದೋ ಹೋಗಿ ಒಪ್ಪಿಕೊಂಡು ಕೆಲಸ ಕಳೆದುಕೊಳ್ಳಬೇಕು, ಇಲ್ಲ ಬಾಯಿ ಮುಚ್ಚಿಕೊಂಡು ಜೀವಮಾನವಿಡೀ ಕೊರಗಬೇಕು. ಆ ಭಾರ ಅವನ ತಲೆಗೆ ಯಾಕೆ? ನೀವು ಡಾಕ್ಟರುಗಳು ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಟ್ಟರೆ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೀರಿ." ಈ ಮಾತಿನಲ್ಲಿ ಹುರುಳಿಲ್ಲ ಎನ್ನುವ ಧೈರ್ಯ ನಮಗಿಲ್ಲ. ಭಾರವಂತೂ ನಿಜ.

ನಮ್ಮ ವೃತ್ತಿಯಲ್ಲಿ ಈ ಭಾರ ಹೊರಲು ಒಂದು ಜಾಗ ಮಾಡಿಕೊಂಡಿದ್ದೇವೆ. ಕೆಟ್ಟ ಪರಿಣಾಮವಾದ ಪ್ರಕರಣಗಳನ್ನು ಇಟ್ಟುಕೊಂಡು ವೈದ್ಯರೇ ಒಂದು ಕೋಣೆಯಲ್ಲಿ ಕೂತು ಎಲ್ಲಿ ಎಡವಿತು ಎಂದು ಮಾತಾಡುವ ಸಭೆ. ಪ್ರತಿ ರೋಗಿಗೆ ಕೊನೆಗೆ ಏನಾಯಿತು ಎಂದು ಲೆಕ್ಕ ಇಡಿ, ತಪ್ಪಾಗಿದ್ದರೆ ತಪ್ಪೆಂದು ಬರೆಯಿರಿ ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹೇಳಿದಾಗ ಅವರ ಸಹೋದ್ಯೋಗಿಗಳೇ ತಿರುಗಿಬಿದ್ದರು. ಆಸ್ಪತ್ರೆಗಳಲ್ಲಿನ ತಪ್ಪುಗಳಿಂದ ಅಮೆರಿಕದಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ವರದಿ ಕೊಟ್ಟಾಗ, ಅದರಲ್ಲಿ ಒತ್ತಿ ಹೇಳಿದ್ದು ಕೆಟ್ಟ ಜನರ ವಿಷಯವಲ್ಲ, ಒಳ್ಳೆಯವರೂ ಎಡವುವಂತೆ ಇರುವ ವ್ಯವಸ್ಥೆಯ ವಿಷಯ. ನಮ್ಮ ಹುಡುಗನ ಕಂಪನಿಯಲ್ಲಿ ಅಂಥ ಕೋಣೆ ಇರಲಿಲ್ಲ. ಇದ್ದದ್ದು ಮ್ಯಾನೇಜರಿನ ಕೋಣೆ. ಹೇಳಿದರೆ ಶಿಕ್ಷೆ ಎಂದಿರುವ ಕಡೆ ಬಾಯಿ ಬಿಡದವನನ್ನು ದೂಷಿಸುವುದು ಸುಲಭ. ಆದರೂ ಇಬ್ಬರು ಗೆಳೆಯರ ನಡುವೆ, ಪಾರ್ಕಿಂಗ್ ಲಾಟಿನಲ್ಲಿ ನಿಂತು, ಹೇಳಬಹುದಿತ್ತಲ್ಲ ಎಂಬ ನಮ್ಮ ಹಠ ಇನ್ನೂ ಹೋಗಿಲ್ಲ. ಫಾರ್ಮಸಿಸ್ಟರ ಮೌನ ನಮ್ಮ ಮುಜುಗರ ಉಳಿಸಿತು. ಬೆಲೆ ತೆತ್ತದ್ದು ಅಜ್ಜಿಯ ಎಡಗಣ್ಣು.

ಹಾಗಾದರೆ ಕೊಡುವವನು ಎಷ್ಟು ಹೇಳಿ ಕೊಡಬೇಕು? ಎಲ್ಲವನ್ನೂ ಹೇಳಿಯೇ ಕೊಡಬೇಕೆಂದರೆ ಯಾರೂ ಏನೂ ಕೊಡಲಾರರು. ತನಗೇ ಕಾಣದ್ದನ್ನು ಹೇಳುವುದಾದರೂ ಹೇಗೆ? ರಿಚರ್ಡ್ ಸ್ಟಾಲ್‌ಮನ್ ಅವರು 1989ರಲ್ಲಿ ಬರೆದ, ಪುಕ್ಕಟೆ ತಂತ್ರಾಂಶಗಳಿಗೆ ಅಂಟಿಸುವ ಲೈಸೆನ್ಸಿನಲ್ಲಿ ಯಾವ ಗ್ಯಾರಂಟಿಯೂ ಇಲ್ಲ ಎಂಬ ಮಾತು ದೊಡ್ಡ ಅಕ್ಷರದಲ್ಲಿದೆ. ಸಾಂಬಾ ಬಂದದ್ದೂ ಅದೇ ಲೈಸೆನ್ಸಿನ ಮೇಲೆ. ಮುಖ ಕಾಣದ ಲಕ್ಷಾಂತರ ಜನಕ್ಕೆ ಕೊಡುವವನು ಹಾಗೆ ಬರೆಯುವುದು ನ್ಯಾಯವೇ, ಇಲ್ಲವಾದರೆ ಅವನು ಕೊಡುವುದನ್ನೇ ನಿಲ್ಲಿಸಬೇಕಾದೀತು. ಆದರೆ ಪಕ್ಕದ ಮೇಜಿನವನಿಗೆ, ಪಕ್ಕದ ಮನೆಯವನಿಗೆ, ಹಾಗೆ ಹೇಳಿ ಜಾರಿಕೊಳ್ಳಲಾಗದು. ನಾವು ಪ್ರಿಸ್ಕ್ರಿಪ್ಷನ್ ಚೀಟಿಯ ಕೆಳಗೆ ಗ್ಯಾರಂಟಿ ಇಲ್ಲ ಎಂದು ಬರೆದರೆ ತಾವು ಆ ಮದ್ದು ನುಂಗುತ್ತೀರಾ?

ನಮಗೆ ತೋರುವುದು ಇಷ್ಟು. ಕೊಟ್ಟ ವಸ್ತುವಿನ ಹೊಣೆ ಕೊಟ್ಟವನ ಮೇಲೆ ಪೂರ್ತಿ ಇರಲಾರದು, ಆದರೆ ಕೇಳಲು ಸಿಗುವ ಹೊಣೆ ಅವನ ಮೇಲೆ ಇದೆ. ತೆಗೆದುಕೊಂಡವನಿಗೆ, ಬದಲಿಸಿದ್ದನ್ನು ಹೇಳುವ ಹೊಣೆ ಇದೆ. ವಾರ್ಡಿನಲ್ಲಿ ನರ್ಸು ಕೇಳುತ್ತಾಳೆ, ಅಡುಗೆಮನೆಯಲ್ಲಿ ಸೊಸೆ ಕೇಳುತ್ತಾಳೆ. ಯಂತ್ರದ ಮೂಲಕ ಕೊಟ್ಟಾಗ ಆ ಕೇಳುವವರು ಮಾಯವಾಗುತ್ತಾರೆ. ಒಂದೇ ಡ್ರೈವಿನಲ್ಲಿ ಎಲ್ಲವೂ ಎಲ್ಲರಿಗೂ ಸಿಗುವುದರಿಂದ ಯಾರೂ ಯಾರ ಮೇಜಿನ ಹತ್ತಿರವೂ ಹೋಗಬೇಕಾಗಿಲ್ಲ. ನಮ್ಮ ಭಾವಮೈದ ಹಿಗ್ಗಿನಿಂದ ಮಾಡಿದ ಅನುಕೂಲವೇ ಅದು.

ಡೆಟ್ರಾಯಿಟ್ ಕಡೆಯ ಹೊಸ ಕೆಲಸದಲ್ಲಿ ಅವನು ಮೊದಲು ಮಾಡಿದ್ದು ತನ್ನ ಸ್ಕ್ರಿಪ್ಟುಗಳಿಗೆ ಬೀಗ ಹಾಕಿದ್ದು. ಯಾರಿಗೂ ತೋರಿಸುತ್ತಿರಲಿಲ್ಲ. ಎರಡು ವರ್ಷ ಹಾಗೇ ಇದ್ದ. ಬೇಡಿದವರಿಗೆ ಇಲ್ಲ ಎನ್ನದ ಹುಡುಗ ಹೀಗಾದನಲ್ಲ ಎಂದು ಅವನ ಅಕ್ಕನಿಗೆ ಬೇಸರ. ಕೊನೆಗೆ ಅಲ್ಲೂ ಒಬ್ಬೊಬ್ಬರು ಒಂದೊಂದು ನಕಲು ಮಾಡಿಕೊಂಡು, ಒಂದೇ ತಪ್ಪನ್ನು ನಾಲ್ಕು ಜನ ನಾಲ್ಕು ಸಲ ತಿದ್ದುವ ಪರಿಸ್ಥಿತಿ ಬಂದಾಗ ಬೀಗ ತೆಗೆದ. ಎಲ್ಲರೂ ಓದಬಹುದು, ಬಳಸಬಹುದು. ತಿದ್ದುವುದಿದ್ದರೆ ತನ್ನ ಮೇಜಿಗೆ ಬಂದು ಹೇಳಿ ತಿದ್ದಬೇಕು ಎಂದು ಗೊತ್ತು ಮಾಡಿದ. ಕೆಲವರು ಜಂಬ ಎಂದರಂತೆ. ಇರಲಿ.

ಈಚೆಗೆ ನಮ್ಮ ಕೂಟದ ಸದಸ್ಯರ ಪಟ್ಟಿಯನ್ನು ಸರಿಪಡಿಸಲು ಸಹಾಯ ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವನ ಹೆಸರನ್ನೇ ಹೇಳಿದೆವು. ಒಂದು ಸಂಜೆ ಕೂತು ಬರೆದು ಕಳಿಸಿದ. ಮೊದಲ ಸಾಲಿನಲ್ಲಿ ಎಂದಿನಂತೆ ಹೆಸರು, ತಾರೀಖು. ಎರಡನೆಯ ಸಾಲಿನಲ್ಲಿ ಫೋನ್ ನಂಬರು. ಎರಡು ದಿನ ಕಳೆದು, ರಾತ್ರಿ ಊಟದ ಹೊತ್ತಿಗೆ, ಅವನೇ ನೋವೈಯಿಂದ ನಮಗೆ ಫೋನು ಮಾಡಿದ.

"ಭಾವ, ಆ ಫೈಲು ಕಳಿಸಿದ್ದೆನಲ್ಲ, ಅದನ್ನು ಅವರು ಯಾವುದರಲ್ಲಿ ತೆರೆದರು, ಕೇಳಿದಿರಾ?"

ನಾವು ಕೇಳಿರಲಿಲ್ಲ. ಊಟ ಬಿಟ್ಟು ಎದ್ದು ಕಾರ್ಯದರ್ಶಿಗಳ ಮನೆಗೆ ಫೋನು ಹಚ್ಚಿದೆವು.